ಒತ್ತು, ಒತ್ತಿ, ಒತ್ತುವುದು

ಕಳೆದ ಬೇಸಿಗೆಯಲ್ಲಿ ತಿಪಟೂರಿನ ಚಿಕ್ಕಮ್ಮನ ಮನೆಗೆ ಹೋಗಿದ್ದೆ. ಅವರ ಮಗ ಹೊಸ ಫೋನೊಂದನ್ನು ತಂದುಕೊಟ್ಟು, ಅಮ್ಮನಿಗೆ ಅನುಕೂಲವಾಗಲಿ ಎಂದು ಅದರ ಭಾಷೆಯನ್ನು ಕನ್ನಡಕ್ಕೆ ಬದಲಿಸಿ ಬೆಂಗಳೂರಿಗೆ ವಾಪಸಾಗಿದ್ದ. ನಾನು ಕಾಫಿ ಕುಡಿಯುತ್ತಾ ಕೂತಿದ್ದಾಗ ಚಿಕ್ಕಮ್ಮ ಫೋನನ್ನು ನನ್ನ ಮುಖದ ಮುಂದೆ ಹಿಡಿದರು. ಯಾವುದೋ ಆ್ಯಪ್ ಅವರ ಫೋನಿನಲ್ಲಿರುವ ಹೆಸರು, ನಂಬರುಗಳನ್ನೆಲ್ಲ ನೋಡಲು ಒಪ್ಪಿಗೆ ಕೇಳುತ್ತಿತ್ತು. ಕೆಳಗೆ ಎರಡು ಬಟನ್ನು. ಒಂದರ ಮೇಲೆ ‘ಅನುಮತಿಸು’, ಇನ್ನೊಂದರ ಮೇಲೆ ‘ನಿರಾಕರಿಸು’.

“ಇದು ನನಗೆ ಹೇಳ್ತಿರೋದೋ, ನಾನು ಇದಕ್ಕೆ ಹೇಳ್ಬೇಕಾಗಿರೋದೋ?” ಎಂದು ಕೇಳಿದರು.

ನನಗೆ ನಗು ಬಂತು. “ನಗಬೇಡ ಕಣೋ. ನನಗೆ ಹೇಳ್ತಿದ್ರೆ, ಇಷ್ಟು ವಯಸ್ಸಾದವಳ ಹತ್ರ ಹೀಗಾ ಮಾತಾಡೋದು? ನಾನು ಇದಕ್ಕೆ ಹೇಳೋದಾದ್ರೆ, ಅನುಮತಿ ಕೊಡೋಳು ನಾನು ತಾನೇ? ಇದಕ್ಯಾಕೆ ಅನುಮತಿಸು ಅನ್ಲಿ?”

ನಾನು ವಿವರಿಸಲು ಹೊರಟೆ. ಇಲ್ಲಿ ಇರುವುದು ಇಬ್ಬರಲ್ಲ, ಮೂವರು. ನೀನು, ಫೋನು, ಆ ಆ್ಯಪ್ಪು. ‘ಆ ಆ್ಯಪ್ಪಿಗೆ ಅನುಮತಿ ಕೊಡು’ ಎಂದು ನೀನು ಫೋನಿಗೆ ಹೇಳುತ್ತಿದ್ದೀಯ. ಅರ್ಧಕ್ಕೆ ಬರುವಷ್ಟರಲ್ಲಿ ನನಗೇ ಅನುಮಾನ ಶುರುವಾಯಿತು. ಅದೇ ಫೋನಿನ ಹಿಂದಿನ ಪರದೆಯಲ್ಲಿ ‘ಮುಂದುವರಿಸಿ’ ಎಂದು ಇದ್ದದ್ದನ್ನು ನಾನೇ ನೋಡಿದ್ದೆ. ಅಲ್ಲಿ ಮರ್ಯಾದೆ ಕೊಟ್ಟ ಫೋನು ಇಲ್ಲಿ ಯಾಕೆ ಏಕವಚನಕ್ಕಿಳಿಯಿತು? ಅಥವಾ ಅಲ್ಲಿ ಮಾತಾಡಿದ್ದು ಫೋನು, ಇಲ್ಲಿ ಮಾತಾಡುತ್ತಿರುವುದು ಚಿಕ್ಕಮ್ಮನೇ? (ಅಂದ ಹಾಗೆ, ಮನೆಯಲ್ಲಿ ‘ಚಿಕ್ಕಮ್ಮ, ಬಾ’ ಎನ್ನುವ ನಾನು ಬರೆಯುವಾಗ ‘ಹಿಡಿದರು, ಕೇಳಿದರು’ ಎನ್ನುತ್ತಿದ್ದೇನೆ. ಬರವಣಿಗೆಗೆ ಕೂತ ಕೂಡಲೇ ಬಹುವಚನ ತಾನಾಗಿ ಬಂತು. ಈ ಲೇಖನದ ವಿಷಯ ಹೆಚ್ಚುಕಮ್ಮಿ ಇದೇ.)

ಇಂದು ಕನ್ನಡದಲ್ಲಿ ಅತಿ ಹೆಚ್ಚು ಜನ, ಅತಿ ಹೆಚ್ಚು ಸಲ ಓದುವ ಗದ್ಯ ಯಾವುದಿರಬಹುದು? ಕಾದಂಬರಿಯಂತೂ ಇರಲಾರದು. ಪತ್ರಿಕೆಯ ಅಗ್ರಲೇಖನವೂ ಇರಲಾರದು. ಬಟನ್ನಿನ ಮೇಲಿನ ಒಂದು ಪದ, ‘ನಿಮ್ಮ ವಹಿವಾಟು ವಿಫಲವಾಗಿದೆ’ ಎಂಬ ಒಂದು ವಾಕ್ಯ, ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬ ಒಂದು ಎಚ್ಚರಿಕೆ, ಇವೇ ಇರಬೇಕು ಎಂದು ನನ್ನ ಊಹೆ. ದಿನಕ್ಕೆ ಹತ್ತಾರು ಸಲ ಕಣ್ಣಿಗೆ ಬೀಳುವ ಈ ಗದ್ಯವನ್ನು ಬರೆದವರಾರೆಂದು ಯಾರಿಗೂ ಗೊತ್ತಿಲ್ಲ. ಅದನ್ನು ವಿಮರ್ಶಿಸುವವರೂ ಇಲ್ಲ. ಒಂದು ಕಥಾಸಂಕಲನ ಬಂದರೆ ಮೂರು ವಿಮರ್ಶೆ ಬರುತ್ತವೆ, ಮೂರರಲ್ಲೂ ಭಾಷೆಯ ಬಗ್ಗೆ ಒಂದು ಪ್ಯಾರಾ ಇರುತ್ತದೆ. ಈ ಗದ್ಯವನ್ನೂ ಗದ್ಯವೆಂದೇ ಓದಿದರೆ ಏನು ಸಿಗುತ್ತದೆ ಎಂದು ನೋಡುವ ಪ್ರಯತ್ನ ಇದು.

ಕನ್ನಡ ಮತ್ತು ಕಂಪ್ಯೂಟರು ಎಂದರೆ ನಮ್ಮಲ್ಲಿ ಬಹುಕಾಲ ನಡೆದದ್ದು ಅಕ್ಷರದ ಹೋರಾಟ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ, 1998ರಲ್ಲಿ ಬಂದ ಬರಹ, ಕನ್ನಡ ಗಣಕ ಪರಿಷತ್ತಿನ ನುಡಿ, ಆಮೇಲೆ ಯೂನಿಕೋಡಿಗೆ ಬದಲಾಗುವ ಗೋಳು. ಒಬ್ಬರು ಟೈಪು ಮಾಡಿದ್ದು ಇನ್ನೊಬ್ಬರ ಕಂಪ್ಯೂಟರಿನಲ್ಲಿ ಚೌಕ ಚೌಕವಾಗಿ ಕಾಣುತ್ತಿದ್ದ ದಿನಗಳು ಅನೇಕರಿಗೆ ನೆನಪಿರಬಹುದು. ಪೂರ್ಣಚಂದ್ರ ತೇಜಸ್ವಿಯವರೂ ತಮ್ಮ ಕೊನೆಯ ವರ್ಷಗಳಲ್ಲಿ ಕನ್ನಡ ತಂತ್ರಾಂಶದ ಬಗ್ಗೆ ತಲೆಕೆಡಿಸಿಕೊಂಡಿದ್ದರು. ಆ ಹೋರಾಟವನ್ನು ಹೆಚ್ಚುಕಮ್ಮಿ ಗೆದ್ದಾಗಿದೆ. ಇವತ್ತು ಎಂಟು ಸಾವಿರದ ಫೋನಿನಲ್ಲೂ ಕನ್ನಡ ಕಾಣುತ್ತದೆ. ಹಾಗೆ ಕಾಣುವ ಅಕ್ಷರಗಳು ಏನು ಹೇಳುತ್ತಿವೆ, ಯಾವ ದನಿಯಲ್ಲಿ ಹೇಳುತ್ತಿವೆ ಎಂಬ ಜಗಳವನ್ನು ಮಾತ್ರ ನಾವು ಇನ್ನೂ ಶುರು ಮಾಡಿದಂತಿಲ್ಲ.

ಚಿಕ್ಕಮ್ಮನ ಪ್ರಶ್ನೆಗೇ ಬರೋಣ. ಇಂಗ್ಲಿಷಿನ ‘ಅಲೋ’, ‘ಸೇವ್’, ‘ಡಿಲೀಟ್’ಗಳಿಗೆ ಈ ತೊಂದರೆಯೇ ಇಲ್ಲ. ಅವು ಯಾರು ಯಾರಿಗೆ ಹೇಳುವ ಮಾತು ಎಂದು ಕೇಳುವ ಅಗತ್ಯ ಬೀಳುವುದಿಲ್ಲ, ಏಕೆಂದರೆ ಆ ಭಾಷೆಯ ಆಜ್ಞಾರ್ಥಕ ರೂಪದಲ್ಲಿ ಮರ್ಯಾದೆಯ ಮೆಟ್ಟಿಲುಗಳಿಲ್ಲ. ಕನ್ನಡಕ್ಕೆ ಬಂದ ಕೂಡಲೇ ಅನುವಾದಕ ಒಂದು ಕಡೆ ನಿಲ್ಲಲೇಬೇಕು. ಬಟನ್ನು ನನ್ನ ಮಾತು, ನಾನು ಯಂತ್ರಕ್ಕೆ ಕೊಡುವ ಆಜ್ಞೆ ಎಂದುಕೊಂಡರೆ ‘ಉಳಿಸು’. ಯಂತ್ರಕ್ಕೆ ಯಾರು ‘ಉಳಿಸಿ’ ಎನ್ನುತ್ತಾರೆ? ಬಟನ್ನು ಯಂತ್ರದ ಮಾತು, ಅದು ನನ್ನನ್ನು ಕೇಳಿಕೊಳ್ಳುತ್ತಿದೆ ಎಂದುಕೊಂಡರೆ ‘ಉಳಿಸಿ’.

ಗ್ನೋಮ್, ಕೆಡಿಇ, ಫೈರ್‌ಫಾಕ್ಸ್‌ಗಳನ್ನು ಕನ್ನಡಕ್ಕೆ ತಂದ ಸ್ವಯಂಸೇವಕರ ಕೆಲಸ ನೋಡಿದರೆ ಅಲ್ಲಿ ಮೊದಲಿನ ದಾರಿಯೇ ಹೆಚ್ಚು ಕಾಣುತ್ತದೆ: ‘ಉಳಿಸು’, ‘ತೆರೆ’, ‘ಮುಚ್ಚು’. ಬಳಸುವವನು ಒಡೆಯ, ಯಂತ್ರ ಆಳು. ಮೊಬೈಲು ಬಂದ ಮೇಲೆ ದೊಡ್ಡ ಕಂಪನಿಗಳು ಎರಡನೆಯ ದಾರಿ ಹಿಡಿದವು: ‘ಉಳಿಸಿ’, ‘ರದ್ದುಮಾಡಿ’, ‘ಹಂಚಿಕೊಳ್ಳಿ’. ಈ ಬದಲಾವಣೆಯಲ್ಲಿ ಬರಿಯ ವ್ಯಾಕರಣ ಇಲ್ಲ. ಮೊದಲಿನದರಲ್ಲಿ ಆಜ್ಞೆ ಮಾಡುತ್ತಿದ್ದ ನಾನು ಎರಡನೆಯದರಲ್ಲಿ ವಿನಂತಿಗೆ ಗುರಿಯಾದವನು, ಅಂದರೆ ಗಿರಾಕಿ. ಚಿಕ್ಕಮ್ಮನ ಫೋನಿನಲ್ಲಿ ಎರಡೂ ಒಟ್ಟಿಗೇ ಇದ್ದವು. ಒಂದು ಪರದೆಯಲ್ಲಿ ಯಜಮಾನಿ, ಮುಂದಿನದರಲ್ಲಿ ಗಿರಾಕಿ.

ಇದಕ್ಕೆ ಬೇರೆ ಭಾಷೆಗಳು ಕಂಡುಕೊಂಡ ಉಪಾಯಗಳಿವೆ. ಹಿಂದಿಯ ತೆರೆಗಳಲ್ಲಿ ‘ಸಹೇಜೇಂ’ ಎಂಬ ರೂಪ ಬರುತ್ತದೆ. ಅದರಲ್ಲಿ ‘ತೂ’ ಕೂಡ ಇಲ್ಲ, ನೇರ ಆಜ್ಞೆಯೂ ಇಲ್ಲ. ಮಲಯಾಳದಲ್ಲಿ ‘ಚೆಯ್ಯುಕ’ ಎಂದು ಕ್ರಿಯೆಯನ್ನು ಹೆಸರಿಸಿ ಸುಮ್ಮನಾಗುತ್ತಾರೆ. ನಮ್ಮಲ್ಲಿ ಇಂಥದ್ದಿಲ್ಲವೇ? ಇದೆ, ನಾವೇ ಗೋಡೆಗಳ ಮೇಲೆ ಬರೆದಿದ್ದೇವೆ. ‘ಚಪ್ಪಲಿಗಳನ್ನು ಹೊರಗೆ ಬಿಡುವುದು.’ ‘ಸಾಲಿನಲ್ಲಿ ಬರುವುದು.’ ‘ಇಲ್ಲಿ ಉಗುಳಬಾರದು.’ ದೇವಸ್ಥಾನ, ಹೋಟೆಲು, ಆಸ್ಪತ್ರೆಗಳ ಗೋಡೆಗಳಲ್ಲಿ ಈ ‘-ವುದು’, ‘-ಬಾರದು’ಗಳನ್ನು ನೋಡುತ್ತಲೇ ಬೆಳೆದವರು ನಾವು. ಓದುವವನು ಜಮೀನುದಾರನೋ ಜಾಡಮಾಲಿಯೋ ಎಂದು ಬೋರ್ಡು ಬರೆಯುವವನಿಗೆ ಗೊತ್ತಿಲ್ಲ, ಆದ್ದರಿಂದ ಅವನು ಇಬ್ಬರಿಗೂ ಸಲ್ಲುವ, ಯಾರನ್ನೂ ಏರಿಸದ, ಯಾರನ್ನೂ ಇಳಿಸದ ಒಂದು ರೂಪವನ್ನು ಹುಡುಕಿಕೊಂಡ. ಭಾಷಾತಜ್ಞರ ಸಮಿತಿ ಕೂತು ಮಾಡಿದ ಕೆಲಸವಲ್ಲ ಅದು. ಬಣ್ಣದ ಡಬ್ಬಿ ಹಿಡಿದ ಪೇಂಟರು ಮಾಡಿದ್ದು. ‘ಉಳಿಸುವುದು’ ಎಂದು ಫೋನಿನ ಬಟನ್ನಿನ ಮೇಲೆ ಬರೆದರೆ ಚೆನ್ನಾಗಿ ಕಾಣುತ್ತದೆಯೇ? ಸ್ವಲ್ಪ ಉದ್ದವಾಯಿತು, ಸ್ವಲ್ಪ ಹಳೆಯ ವಾಸನೆ. ನಾನೇನೂ ಅದನ್ನೇ ಹಾಕಿ ಎಂದು ಹಟ ಹಿಡಿಯಲಾರೆ. ಅನುವಾದದ ಮೇಜಿನ ಮೇಲೆ ಅದೂ ಒಂದು ಆಯ್ಕೆಯಾಗಿ ಬಂದಿತ್ತೇ ಎಂಬುದಷ್ಟೇ ನನ್ನ ಕುತೂಹಲ. ಪಕ್ಕದಲ್ಲಿ ಇಂಗ್ಲಿಷ್ ಪದವೊಂದನ್ನೇ ಇಟ್ಟುಕೊಂಡು ಕೂತವರಿಗೆ ಗೋಡೆ ಕಾಣುವುದಿಲ್ಲ.

‘ನೀವು’ ಗೆದ್ದಿದೆ, ಗೆಲ್ಲಲಿ. ಈ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಕನ್ನಡದ ಏಕವಚನದಲ್ಲಿ ಪ್ರೀತಿಯೂ ಇದೆ, ದೇವರೂ ಇದ್ದಾನೆ, ಆದರೆ ಜಾತಿಯೂ ಇದೆ. ತಾಲ್ಲೂಕು ಕಚೇರಿಯ ಗುಮಾಸ್ತ, ಬ್ಯಾಂಕಿನ ಕಿಟಕಿಯಾಚೆಯ ಹುಡುಗ ತನಗಿಂತ ಮೂವತ್ತು ವರ್ಷ ದೊಡ್ಡ ಕೂಲಿಯವನಿಗೆ ‘ಏನಯ್ಯಾ, ನಾಳೆ ಬಾ’ ಎನ್ನುವುದನ್ನು ಕೇಳದವರಾರು? ಅಂಥವನ ಕೈಯಲ್ಲಿರುವ ಫೋನು ‘ನಿಮ್ಮ ಖಾತೆ’, ‘ನಿಮ್ಮ ಹಣ’, ‘ದಯವಿಟ್ಟು ಕಾಯಿರಿ’ ಎನ್ನುತ್ತದೆ. ಅಷ್ಟು ಬಹುವಚನವನ್ನು ಅವನ ಜೀವಮಾನದಲ್ಲಿ ಯಾವ ಕಚೇರಿಯೂ ಅವನಿಗೆ ಕೊಟ್ಟಿರಲಾರದು. ಯಂತ್ರಕ್ಕೆ ಅವನ ಬಟ್ಟೆ, ಕೇರಿ, ಅಪ್ಪನ ಹೆಸರು ಕಾಣುವುದಿಲ್ಲ ಎಂಬುದೇ ಇದಕ್ಕೆ ಕಾರಣವಿರಬಹುದು, ಗೌರವ ಕಾರಣವಲ್ಲದಿರಬಹುದು. ಇರಲಿ. ಬೋರ್ಡು ಬರೆದ ಪೇಂಟರಿಗೂ ಕಾಣುತ್ತಿರಲಿಲ್ಲ. ಹಳೆಯ ಗುಮಾಸ್ತನ ಜೊತೆ ಜಗಳವಾದರೂ ಆಡಬಹುದಿತ್ತು, ಅವನಿಗೊಂದು ಮುಖವಿತ್ತು ಎಂದು ಹಳಹಳಿಸುವವರನ್ನು ಕಂಡಿದ್ದೇನೆ. ಆ ಜಗಳವನ್ನು ಆಡಲು ಯಾರಿಗೆ ಸಾಧ್ಯವಿತ್ತು ಎಂದು ಅವರನ್ನು ಕೇಳಬೇಕು.

ನನ್ನ ತಕರಾರು ಇರುವುದು ಆ ಬಹುವಚನದ ಪಕ್ಕದಲ್ಲೇ ಬಂದು ಕೂರುವ ಇನ್ನೊಂದು ರೂಪದ ಬಗ್ಗೆ.

ನಮ್ಮ ಬೀದಿಯ ತರಕಾರಿ ಅಂಗಡಿಯಲ್ಲಿ ದುಡ್ಡು ಬಂದದ್ದನ್ನು ಕೂಗಿ ಹೇಳುವ ಪುಟ್ಟ ಡಬ್ಬಿಯಿದೆ. ಯುಪಿಐ ಬಂದದ್ದು 2016ರಲ್ಲಿ. ಆಮೇಲೆ ಈ ಡಬ್ಬಿಗಳು ಬೀದಿಬೀದಿಗೆ ಬಂದವು. ಇಂಥ ಅಂಗಡಿಗೆ ಇದಕ್ಕಿಂತ ಉಪಯೋಗದ ವಸ್ತು ಇನ್ನೊಂದಿಲ್ಲ. ಕೈಯಲ್ಲಿ ಸೊಪ್ಪು ಹಿಡಿದವರು ಫೋನು ತೆರೆದು ಮೆಸೇಜು ನೋಡಬೇಕಾಗಿಲ್ಲ. ನಾನು ಇಪ್ಪತ್ತು ರೂಪಾಯಿ ಕಳಿಸಿದೆ. ಡಬ್ಬಿ ಹೇಳಿತು: “ಇಪ್ಪತ್ತು ರೂಪಾಯಿಗಳನ್ನು ಸ್ವೀಕರಿಸಲಾಗಿದೆ.” ಅಂಗಡಿಯಾಕೆ ನನಗೆ ಹೇಳಿದರು: “ಬಂತು ಬಂತು, ಹೋಗಿ ಸಾರ್.”

ಎರಡೂ ಒಂದೇ ಸುದ್ದಿ. ಡಬ್ಬಿಯ ಕನ್ನಡವನ್ನು ಆಕೆ ಕನ್ನಡಕ್ಕೆ ಅನುವಾದಿಸಿದರು, ಅಷ್ಟೆ.

‘ಬಂತು’ ಎನ್ನುವುದಕ್ಕೆ ‘ಸ್ವೀಕರಿಸಲಾಗಿದೆ’ ಎಂದು ಹೇಳುವ ಮನುಷ್ಯ ನಮ್ಮಲ್ಲಿ ಯಾರಿದ್ದಾನೆ? ಇದ್ದಾನೆ, ಸರ್ಕಾರಿ ಆದೇಶದಲ್ಲಿದ್ದಾನೆ. ‘ಅರ್ಜಿಯನ್ನು ತಿರಸ್ಕರಿಸಲಾಗಿದೆ’, ‘ಸೂಕ್ತ ಕ್ರಮ ಕೈಗೊಳ್ಳಲಾಗುವುದು’, ‘ಈ ಮೂಲಕ ತಿಳಿಸಲಾಗಿದೆ’. ಮಾಡಿದವನ ಹೆಸರಿಲ್ಲದ ಈ ವಾಕ್ಯವನ್ನು ನಮ್ಮ ಕಚೇರಿಗಳು ಬಹಳ ವರ್ಷ ತಿದ್ದಿ ತೀಡಿ ಬೆಳೆಸಿವೆ. ಮಾತಿನ ಕನ್ನಡಕ್ಕೆ ಕರ್ಮಣಿ ಪ್ರಯೋಗ ಒಗ್ಗುವುದಿಲ್ಲ. ಯಾರು ಮಾಡಿದ್ದೆಂದು ಹೇಳಲು ಇಷ್ಟವಿಲ್ಲದಿದ್ದರೆ ‘ಆಯ್ತು’, ‘ಬಂತು’, ‘ಹೋಯ್ತು’ ಎನ್ನುತ್ತೇವೆ. ಅವು ಎಷ್ಟು ಚಿಕ್ಕ ಪದಗಳು, ಎಷ್ಟು ಸಲೀಸು. ಇಂಗ್ಲಿಷಿನ ‘ರಿಸೀವ್ಡ್’ ಅನ್ನು ಕನ್ನಡಕ್ಕೆ ತರುವವರ ಕಿವಿಯಲ್ಲಿ ಮಾತ್ರ ಕಚೇರಿಯ ಕನ್ನಡವೇ ಮೊದಲು ಮೊಳಗುತ್ತದೆ, ಏಕೆಂದರೆ ಅಚ್ಚಿನಲ್ಲಿ ಬರುವ ‘ಗಂಭೀರ’ ಕನ್ನಡ ಎಂದು ಅವರು ಶಾಲೆಯಿಂದ ಕಲಿತದ್ದು ಅದನ್ನೇ.

ತರಕಾರಿ ಅಂಗಡಿಯಲ್ಲಿ ಇದು ತಮಾಷೆ. ‘ನಿಮ್ಮ ಖಾತೆಯನ್ನು ಸ್ಥಗಿತಗೊಳಿಸಲಾಗಿದೆ’ ಎಂದು ಬಂದಾಗ ತಮಾಷೆಯಲ್ಲ. ಸ್ಥಗಿತಗೊಳಿಸಿದ್ದು ಯಾರು? ಬ್ಯಾಂಕೇ, ಆ್ಯಪ್ಪೇ, ಪೊಲೀಸರೇ, ಯಾವುದೋ ಲೆಕ್ಕಾಚಾರದ ಸೂತ್ರವೇ? ವಾಕ್ಯ ಹೇಳುವುದಿಲ್ಲ. ಇಂಗ್ಲಿಷಿನ ಮೂಲವೂ ಹೇಳುವುದಿಲ್ಲ ನಿಜ. ಆದರೆ ಇಂಗ್ಲಿಷ್ ಓದುಗನಿಗೆ ಅದು ಕಂಪನಿಯ ಮಾತಿನಂತೆ ಕೇಳಿಸಿದರೆ, ಕನ್ನಡದ ಓದುಗನಿಗೆ ಸರ್ಕಾರದ ಮಾತಿನಂತೆ ಕೇಳಿಸುತ್ತದೆ. ಮೇಲ್ಮನವಿ ಇಲ್ಲದ ಆದೇಶದ ಹಾಗೆ. ದೋಚುವವರೂ ಇದೇ ಕನ್ನಡದಲ್ಲಿ ಮೆಸೇಜು ಕಳಿಸುತ್ತಾರೆ: ‘ಇಂದು ರಾತ್ರಿ ನಿಮ್ಮ ವಿದ್ಯುತ್ ಸಂಪರ್ಕವನ್ನು ಕಡಿತಗೊಳಿಸಲಾಗುವುದು.’ ನಿಜವಾದ ಸಂಸ್ಥೆಯದೂ ಮೋಸಗಾರನದೂ ಒಂದೇ ಗದ್ಯಶೈಲಿಯಾದರೆ ಜನ ಯಾವುದರಿಂದ ಗುರುತು ಹಿಡಿಯಬೇಕು?

ವಿಭಕ್ತಿಯ ಕಥೆ ಇನ್ನೊಂದು. ಆ್ಯಪ್ಪುಗಳ ಒಳಗೆ ವಾಕ್ಯಗಳು ಪೂರ್ತಿಯಾಗಿ ಇರುವುದಿಲ್ಲ. ಹೆಸರು ಬರಬೇಕಾದ ಕಡೆ ಒಂದು ಖಾಲಿ ಜಾಗ ಬಿಟ್ಟು, ಉಳಿದದ್ದನ್ನು ಬರೆದಿಟ್ಟಿರುತ್ತಾರೆ. ಇಂಗ್ಲಿಷಿನಲ್ಲಿ ಆ ಜಾಗಕ್ಕೆ ಯಾವ ಹೆಸರು ತುಂಬಿದರೂ ವಾಕ್ಯ ಸರಿಯಾಗುತ್ತದೆ. ಕನ್ನಡದಲ್ಲಿ ಹೆಸರಿನ ಕೊನೆ ಬದಲಾಗದೆ ವಾಕ್ಯ ಆಗುವುದಿಲ್ಲ. ಮರಕ್ಕೆ, ಮನೆಗೆ, ಗುರುವಿಗೆ, ರಾಮನಿಗೆ. ಕೊನೆಯ ಸ್ವರ ಯಾವುದು, ಲಿಂಗ ಯಾವುದು ಎಂದು ನೋಡಿ ಪ್ರತ್ಯಯ ತನ್ನ ವೇಷ ಬದಲಿಸುತ್ತದೆ. ಹದಿಮೂರನೆಯ ಶತಮಾನದಲ್ಲಿ ಕೇಶಿರಾಜ ಇದನ್ನೆಲ್ಲ ಸೂತ್ರ ಕಟ್ಟಿ ಇಟ್ಟಿದ್ದಾನೆ. ಆದರೆ ಖಾಲಿ ಜಾಗದ ಮುಂದೆ ಸೂತ್ರ ನಿಲ್ಲುವುದಿಲ್ಲ. ಹೀಗಾಗಿ ‘ಸುರೇಶ ಗೆ ಪಾವತಿಸಿ’ ಎಂದು ಬರುತ್ತದೆ. ಆ ‘ಗೆ’ ಜಾತ್ರೆಯಲ್ಲಿ ಅಮ್ಮನ ಕೈ ತಪ್ಪಿಸಿಕೊಂಡ ಮಗುವಿನಂತೆ ನಡುವೆ ನಿಂತಿರುತ್ತದೆ.

ಯಾರೋ ಒಬ್ಬ ಜಾಣ ಅನುವಾದಕ ಇದಕ್ಕೆ ದಾರಿ ಕಂಡುಹಿಡಿದ: ‘ಅವರಿಗೆ’. ಸುರೇಶ ಅವರಿಗೆ, ಫಾತಿಮಾ ಅವರಿಗೆ, ಮಂಜು ಅವರಿಗೆ. ಹೆಸರಿಗೆ ಏನೂ ಮಾಡಬೇಕಿಲ್ಲ, ಪ್ರತ್ಯಯದ ಭಾರವನ್ನೆಲ್ಲ ‘ಅವರು’ ಹೊರುತ್ತದೆ. ಹೆಣ್ಣೋ ಗಂಡೋ ಎಂಬ ಪ್ರಶ್ನೆಯೂ ಅದರಲ್ಲೇ ತೀರಿತು, ಕ್ರಿಯಾಪದವೂ ‘-ದ್ದಾರೆ’ ಎಂದು ಸಲೀಸಾಯಿತು. ತಾಂತ್ರಿಕ ಇಕ್ಕಟ್ಟಿನಿಂದ ಹುಟ್ಟಿದ ಈ ‘ಅವರು’ ನನ್ನ ಲೆಕ್ಕದಲ್ಲಿ ಕನ್ನಡ ಆ್ಯಪ್ಪುಗಳ ಅತ್ಯುತ್ತಮ ವಿನ್ಯಾಸ. ಎರಡು ವರ್ಷದ ಮೊಮ್ಮಗಳ ಹೆಸರಿನಲ್ಲಿ ಖಾತೆ ತೆರೆದ ತಾತನಿಗೆ ‘ಚಿನ್ಮಯಿ ಅವರು ಫೋಟೋ ಹಂಚಿಕೊಂಡಿದ್ದಾರೆ’ ಎಂದು ಬಂದು ಮನೆಯೆಲ್ಲ ನಕ್ಕದ್ದನ್ನು ನೋಡಿದ್ದೇನೆ. ಆ ನಗು ಆ ವಿನ್ಯಾಸದ ದೋಷವೇನಲ್ಲ.

ವಸ್ತುಗಳಿಗೆ ‘ಅವರು’ ಸಲ್ಲುವುದಿಲ್ಲವಲ್ಲ. ಅಲ್ಲಿ ‘ಅನ್ನು’ ಒಂಟಿಯಾಗಿ ನಿಂತಿತು. ‘ಫೈಲ್ ಅನ್ನು ಅಳಿಸಿ’, ‘ಆರ್ಡರ್ ಅನ್ನು ರದ್ದುಮಾಡಿ’. ಇದು ಈಗ ಪತ್ರಿಕೆಗಳಿಗೂ ನುಗ್ಗಿದೆ. ಕನ್ನಡ ಪದಗಳ ಮುಂದೆಯೂ ‘ಪುಸ್ತಕ ಅನ್ನು’ ಎಂದು ವಿದ್ಯಾರ್ಥಿಗಳು ಬರೆಯುತ್ತಿದ್ದಾರೆ. ಮಾತಿನಲ್ಲಿ ಈ ಪ್ರತ್ಯಯವನ್ನು ನಾವು ಸಾಮಾನ್ಯವಾಗಿ ಉಚ್ಚರಿಸುವುದೇ ಇಲ್ಲ. ‘ಪುಸ್ತಕ ಕೊಡು’, ‘ಬಾಗಿಲು ಹಾಕು’ ಎಂದರೆ ಸಾಕು. ಅಂದರೆ ‘ಫೈಲ್ ಅಳಿಸಿ’ ಎಂದಿದ್ದರೆ ಮಾತಿಗೂ ಹತ್ತಿರ, ಬಟನ್ನಿನಲ್ಲಿ ಜಾಗವೂ ಉಳಿತಾಯ. ಅದೇ ರೀತಿ ‘ಸೆಟ್ಟಿಂಗ್‌ಗಳು’. ಅದನ್ನು ‘ಸೆಟ್ಟಿಂಗ್ಸ್’ ಎಂದೇ ಎಲ್ಲರೂ ಕರೆಯುವುದು, ಗ್ರಾಮೀಣರೂ.

ಬಿಡಿಬಿಡಿ ಪದಗಳ ಪಟ್ಟಿಯಾಗಿ ಅನುವಾದಕರ ಕೈಗೆ ಹೋಗುವುದರಿಂದ ಆಗುವ ಎಡವಟ್ಟುಗಳು ಎಲ್ಲರಿಗೂ ಗೊತ್ತಿರುವಂಥವು. ಟಿಕೆಟ್ ‘ಬುಕ್’ ಮಾಡುವ ಬಟನ್ನಿನ ಮೇಲೆ ‘ಪುಸ್ತಕ’ ಎಂದು ಬರುವುದು, ‘ಹೋಮ್’ ಎಂಬುದು ‘ಮನೆ’ಯಾಗುವುದು. ಇವುಗಳನ್ನು ಹಿಡಿದು ಹಾಸ್ಯ ಮಾಡುವುದು ಸುಲಭ. ಸ್ವಯಂಸೇವಕರ ಕಾಲದಲ್ಲೂ ಇಂಥವು ಇದ್ದವು. ‘ಎಡಿಟ್’ಗೆ ಅವರು ‘ಸಂಪಾದಿಸು’ ಎಂದರು. ಊರಿನಲ್ಲಿ ಸಂಪಾದನೆ ಎಂದರೆ ದುಡಿಮೆಯ ದುಡ್ಡು. ವಿಕಿಪೀಡಿಯದಲ್ಲಿ ಸಂಪಾದನೆ ಮಾಡುತ್ತೇನೆ ಎಂದ ಗೆಳೆಯನಿಗೆ ಅವನ ಮಾವ ‘ತಿಂಗಳಿಗೆ ಎಷ್ಟು ಬರುತ್ತೆ?’ ಎಂದು ಕೇಳಿದ್ದರಂತೆ. ಹಣದ ಲೆಕ್ಕದಲ್ಲಿ ಅದು ಶೂನ್ಯಸಂಪಾದನೆಯೇ. ಆದರೆ ಆ ಕಾಲದ ಪದಗಳಿಗೆ ಜಗಳವಾಡಲು ಒಂದು ಜಗಲಿಯಿತ್ತು. ವಿಕಿಪೀಡಿಯದ ಬಟನ್ನುಗಳ ಪದಗಳನ್ನು ಇವತ್ತಿಗೂ ಟ್ರಾನ್ಸ್‌ಲೇಟ್‌ವಿಕಿ ಎಂಬ ತಾಣದಲ್ಲಿ ಯಾರು ಬೇಕಾದರೂ ಹೋಗಿ ತಿದ್ದಬಹುದು, ಯಾಕೆ ತಿದ್ದಿದೆ ಎಂದು ವಾದಿಸಬಹುದು. ಊಟ ತರಿಸುವ, ಸಾಲ ಕೊಡುವ, ಔಷಧಿ ಮಾರುವ ಆ್ಯಪ್ಪುಗಳ ಪದಗಳಿಗೆ ಅಂಥ ಜಗಲಿ ಇಲ್ಲ. ‘ಈ ಪದ ತಪ್ಪು’ ಎಂದು ಹೇಳಲು ಯಾವ ಬಾಗಿಲು ತಟ್ಟಬೇಕು ಎಂದೇ ಗೊತ್ತಾಗುವುದಿಲ್ಲ.

ರೂಪದ ಬಗ್ಗೆಯೂ ಒಂದು ಮಾತು. ಕನ್ನಡದ ಅಕ್ಷರಕ್ಕೆ ಕೆಳಮನೆ ಬೇಕು. ಒತ್ತಕ್ಷರ ಅಲ್ಲಿ ವಾಸ ಮಾಡುತ್ತದೆ. ‘ರಾಷ್ಟ್ರ’ದಂಥ ಪದದಲ್ಲಿ ಎರಡೆರಡು ಒತ್ತು. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಬಟನ್ನಿನಲ್ಲಿ ಆ ಕೆಳಮನೆ ಮುಳುಗಿಹೋಗುತ್ತದೆ: ‘ರದ್ದು’ ಎಂಬುದು ‘ರದು’ವಾಗಿ, ‘ಒತ್ತಿ’ ಎಂಬುದು ‘ಒತಿ’ಯಾಗಿ ಕಾಣುತ್ತದೆ. ಗೂಗಲ್ಲಿನ ಮೆಟೀರಿಯಲ್ ಡಿಸೈನ್ ಕೈಪಿಡಿ ಜಗತ್ತಿನ ಲಿಪಿಗಳನ್ನು ಮೂರು ಗುಂಪು ಮಾಡಿತ್ತು: ಇಂಗ್ಲಿಷಿನಂಥವು, ಎತ್ತರದವು, ದಟ್ಟವಾದವು. ನಾವು ಎತ್ತರದವರು. ಎತ್ತರ ಎನ್ನುವುದು ಯಾರಿಗೆ ಹೋಲಿಸಿ ಎಂಬುದು ಆ ಮೊದಲ ಗುಂಪಿನ ಹೆಸರಿನಲ್ಲೇ ಇದೆ. ಆದರೂ ಆ ಕೈಪಿಡಿ ‘ಇಂಥ ಲಿಪಿಗಳಿಗೆ ಸಾಲಿನ ಎತ್ತರ ಹೆಚ್ಚು ಬೇಕು’ ಎಂದು ಹೇಳಿದ್ದೇ ಉಪಕಾರ. ಪಾಲಿಸುವವರು ಕಡಿಮೆ. ಫಾಂಟುಗಳ ಕೊರತೆಯಂತೂ ಈಗ ಇಲ್ಲ. ಬಲೂ ತಮ್ಮ, ಅನೇಕ್ ಕನ್ನಡ, ತಿರೋ ಕನ್ನಡ, ನೋಟೋ ಎಲ್ಲವೂ ಬಿಟ್ಟಿಯಾಗಿಯೇ ಸಿಗುತ್ತವೆ, ಒಳ್ಳೆಯವೂ ಹೌದು. ಬಟನ್ನನ್ನು ಎರಡು ಕೂದಲೆಳೆ ಎತ್ತರ ಮಾಡಲು ಒಪ್ಪುವ ಮನಸ್ಸಿನ ಕೊರತೆ ಅದು.

ಇನ್ನು ವ್ಯಾಪಾರದ ಮಾತು. ಕಾಫಿಯ ಮಾತಿನ ದಿನವೇ ಚಿಕ್ಕಮ್ಮ ಇನ್ನೊಂದು ದೂರು ಹೇಳಿದರು. ತಿಂಗಳಿಗೆ 99 ರೂಪಾಯಿ ಅವರ ಖಾತೆಯಿಂದ ಹೋಗುತ್ತಿದೆ, ಯಾತಕ್ಕೆಂದು ಗೊತ್ತಿಲ್ಲ. ಹುಡುಕಿದೆ. ಭಜನೆ, ಹಳೆಯ ಚಿತ್ರಗೀತೆಗಳ ಒಂದು ಆ್ಯಪ್. ಸೇರಿಕೊಳ್ಳುವ ಪರದೆ ಸೊಗಸಾದ ಕನ್ನಡದಲ್ಲಿತ್ತು, ದೊಡ್ಡ ಹಸಿರು ಬಟನ್ನಿನ ಮೇಲೆ ‘ಉಚಿತವಾಗಿ ಆರಂಭಿಸಿ’ ಎಂದಿತ್ತು. ಬಿಡುವ ದಾರಿ ಹುಡುಕಲು ನಾನು ನಾಲ್ಕು ಪರದೆ ದಾಟಬೇಕಾಯಿತು. ಎರಡನೆಯ ಪರದೆಯಿಂದ ಕನ್ನಡ ಮಾಯ. ಕೊನೆಯಲ್ಲಿ ಮತ್ತೆ ಕನ್ನಡ ಬಂತು, ಏಕೆಂದರೆ ಅಲ್ಲಿ ಅವರಿಗೆ ಇನ್ನೊಂದು ಸಲ ಮಾರುವುದಿತ್ತು. ಎರಡು ಬಟನ್ನು: ‘ಇಲ್ಲೇ ಇರುತ್ತೇನೆ’ ಮತ್ತು ‘ಬೇಡ, ನನಗೆ ಸಂಗೀತ ಇಷ್ಟವಿಲ್ಲ’. ಮಾಧುರ್ಯಕ್ಕೆ ಮನಸೋಲದ ಪಾಪವನ್ನು ನನ್ನ ಬಾಯಿಂದಲೇ ಹೇಳಿಸುವ ವಾಕ್ಯ. ಪರದೆಗಳನ್ನೆಲ್ಲ ಒಟ್ಟಿಗೆ ನೋಡಿದಾಗ, ಉತ್ತಮ ಪುರುಷದಲ್ಲಿ ಬರೆದ ಬಟನ್ನುಗಳು ಅವೆರಡೇ ಎಂಬುದು ಗಮನಕ್ಕೆ ಬಂತು. ದುಡ್ಡು ಕೊಡುವಾಗ ‘ನೀವು’, ಬಿಟ್ಟುಹೋಗುವಾಗ ‘ನಾನು’.

2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇಂಥ ಮೋಸದ ವಿನ್ಯಾಸಗಳ ವಿರುದ್ಧ ಮಾರ್ಗಸೂಚಿ ಹೊರಡಿಸಿ, 13 ಬಗೆಗಳನ್ನು ಪಟ್ಟಿ ಮಾಡಿತು. ಸುಳ್ಳು ಅವಸರ, ಬುಟ್ಟಿಗೆ ಕದ್ದು ಸರಕು ಸೇರಿಸುವುದು, ನಾಚಿಕೆಪಡಿಸಿ ಒಪ್ಪಿಸುವುದು, ಚಂದಾದ ಬಲೆ, ಎಲ್ಲ ಅದರಲ್ಲಿವೆ. ಭಾಷೆಯನ್ನು ನಡುದಾರಿಯಲ್ಲಿ ಬದಲಿಸುವುದು ಪ್ರತ್ಯೇಕ ಬಗೆಯಾಗಿ ಇಲ್ಲ. ಹಲವು ಭಾಷೆಯ ದೇಶದಲ್ಲಿ ಅದೇ ಹದಿನಾಲ್ಕನೆಯದಾಗಬೇಕಿತ್ತು ಎಂದು ನನ್ನ ವಾದ. ಒಳಗೆ ಕರೆಯುವಾಗ ಒಂದು ಭಾಷೆ, ಹೊರಹೋಗುವ ಬಾಗಿಲಿಗೆ ಇನ್ನೊಂದು ಭಾಷೆ ಎಂದರೆ ಬಾಗಿಲಿಗೆ ಬೀಗ ಹಾಕಿದಂತೆಯೇ. ಅದೇ ವರ್ಷದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲಿ ಓದುವ ಆಯ್ಕೆ ಇರಬೇಕು ಎನ್ನುತ್ತದೆ. ಒಳ್ಳೆಯದೇ. ‘ಅನುಮತಿಸು’ ಎಂಬುದು ಕೂಡ ಎಂಟನೆಯ ಪರಿಚ್ಛೇದದ ಭಾಷೆಯಲ್ಲೇ ಇತ್ತು ಎಂಬುದು ಮಾತ್ರ ನನಗೆ ನೆನಪಾಗುತ್ತದೆ. ನಮ್ಮ ರಾಜ್ಯದಲ್ಲಿ ಅಂಗಡಿಯ ಬೋರ್ಡಿನಲ್ಲಿ ಶೇಕಡ 60 ಕನ್ನಡವಿರಬೇಕೆಂದು 2024ರಲ್ಲಿ ಕಾನೂನಾಯಿತು. ಅಳತೆಪಟ್ಟಿ ಹಿಡಿದು ಬೋರ್ಡು ನೋಡಬಹುದು. ಅಂಗಡಿಯೇ ಫೋನಿನೊಳಗೆ ಹೋಗಿರುವಾಗ ಯಾವ ಪಟ್ಟಿಯಿಂದ ಅಳೆಯುವುದು?

ಯಂತ್ರದ ಕನ್ನಡ ಕೆಟ್ಟದಾಗಿಯೇ ಇರಬೇಕೆಂಬ ಶಾಪವೇನೂ ಇಲ್ಲ. ನಮ್ಮ ಮೆಟ್ರೋದಲ್ಲಿ ನಿಲ್ದಾಣಗಳ ಹೆಸರು ಹೇಳುತ್ತಿದ್ದದ್ದು ಅಪರ್ಣಾ ಅವರ ದನಿ. ಪ್ರಕಟಣೆಯ ವಾಕ್ಯಗಳು ಸಾಧಾರಣವೇ. ಆದರೆ ಒಬ್ಬ ಕನ್ನಡತಿ ಪ್ರತಿ ಅಕ್ಷರದ ಮೇಲೂ ಪ್ರೀತಿಯಿಟ್ಟು ಓದಿದ್ದಾರೆ ಎಂಬುದು ಕೇಳಿದವರಿಗೆ ತಿಳಿಯುತ್ತಿತ್ತು. 2024ರ ಜುಲೈನಲ್ಲಿ ಅವರು ತೀರಿಕೊಂಡ ಮೇಲೂ ರೈಲಿನಲ್ಲಿ ಆ ದನಿ ಬರುತ್ತಲೇ ಇತ್ತು. ಆ ವಾರ ಜನ ಫೋನಿನಿಂದ ತಲೆಯೆತ್ತಿ ಕೇಳುತ್ತಿದ್ದರು. ಒಂದು ದನಿಗೆ ಒಡತಿ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನನಗೆ ಗೊತ್ತಿರುವ ಒಳ್ಳೆಯ ಉದಾಹರಣೆ ಇದು.

ಈಗ ಬಂದಿರುವ ಮಾತಾಡುವ ಯಂತ್ರಗಳು ವ್ಯಾಕರಣದಲ್ಲಿ ಈ ಹಳೆಯ ಆ್ಯಪ್ಪುಗಳಿಗಿಂತ ಎಷ್ಟೋ ವಾಸಿ. ‘ಸುರೇಶನಿಗೆ’ ಎಂದು ಸರಿಯಾಗಿಯೇ ಬರೆಯುತ್ತವೆ. ಆದರೆ ಬಾಯಿ ತೆರೆದರೆ ‘ನಾನು ನಿಮಗೆ ಹೇಗೆ ಸಹಾಯ ಮಾಡಬಹುದು?’ ಎನ್ನುತ್ತವೆ. ನಮ್ಮ ದಿನಸಿ ಅಂಗಡಿಯ ಶೆಟ್ಟರು ಇದನ್ನೇ ‘ಏನ್ ಬೇಕಿತ್ತು ಸಾರ್?’ ಎಂದು ಕೇಳುತ್ತಾರೆ. ಬೇಕಾಗಿರುವುದು ಈಗ, ಕೇಳುವುದು ಭೂತಕಾಲದಲ್ಲಿ. ಆ ಭೂತಕಾಲದಲ್ಲಿ ಎಂಥ ವಿನಯವಿದೆ ಎಂದು ನನಗೆ ಹೊಳೆದದ್ದು ಯಂತ್ರದ ತಪ್ಪಿಲ್ಲದ ವಾಕ್ಯವನ್ನು ಹತ್ತು ಸಲ ಓದಿದ ಮೇಲೆ. ಸಹಾಯ ಮಾಡುತ್ತೇನೆ ಎನ್ನುವವನು ಸ್ವಲ್ಪ ಮೇಲೆ ನಿಂತಿರುತ್ತಾನೆ. ಏನು ಬೇಕಿತ್ತು ಎನ್ನುವವನು ತಕ್ಕಡಿಯ ಆಚೆ, ಎದುರೆದುರು ನಿಂತಿರುತ್ತಾನೆ.

ಕಂಪನಿಯಲ್ಲಿ ಕೆಲಸ ಮಾಡುವ ಗೆಳೆಯರಿಗೆ ಇದನ್ನೆಲ್ಲ ಹೇಳಿದರೆ ಅವರದೊಂದು ಉತ್ತರ ಇರುತ್ತದೆ: ಕನ್ನಡಕ್ಕೆ ಹಾಕಿಕೊಳ್ಳುವವರೇ ಕಡಿಮೆ, ಹಾಕಿಕೊಂಡವರೂ ವಾಪಸು ಇಂಗ್ಲಿಷಿಗೆ ಹೋಗುತ್ತಾರೆ, ಅಂಕಿಅಂಶ ಹಾಗೆ ಹೇಳುತ್ತದೆ, ಅದಕ್ಕೆ ಹೆಚ್ಚು ಖರ್ಚು ಮಾಡಲು ಮೇಲಿನವರು ಒಪ್ಪುವುದಿಲ್ಲ. ಫೋನಿನಲ್ಲಿ ‘ಕನ್ನಡಕ್ಕಾಗಿ ಎರಡನ್ನು ಒತ್ತಿ’ ಎಂದಾಗ ಒತ್ತಿ ಕಾದವರಿಗೆ ಈ ತರ್ಕದ ಪರಿಚಯ ಇದೆ. ಆ ವಾಕ್ಯ ಎಷ್ಟು ಜನಪ್ರಿಯವಾಯಿತೆಂದರೆ ಎರಡನ್ನು ಒಂದು ಮಾಡಿ ಸಿನಿಮಾಕ್ಕೂ ಹೆಸರಿಟ್ಟರು. ಒತ್ತಿದ ಮೇಲೆ ಕನ್ನಡ ಬಲ್ಲವರು ಸಿಗದೆ, ಮುಂದಿನ ಸಲ ನೇರ ಇಂಗ್ಲಿಷನ್ನೇ ಒತ್ತಿದವರೂ ಅದೇ ಅಂಕಿಅಂಶದಲ್ಲಿ ಸೇರಿರುತ್ತಾರೆ.

ಚಿಕ್ಕಮ್ಮನೂ ಸೇರಿದರು. ನಾನು ಹೊರಡುವ ದಿನ “ಇದನ್ನ ಇಂಗ್ಲಿಷಿಗೇ ಹಾಕಿಕೊಟ್ಟು ಹೋಗೋ” ಎಂದರು. ನಾನು ವಾದ ಮಾಡಿದೆ. “ಈ ಕನ್ನಡ ಓದಿದ್ರೆ ಅರ್ಥ ಆಗ್ಲಿಲ್ಲವಲ್ಲ ಅಂತ ಸಂಕಟ ಆಗುತ್ತೆ. ಇಂಗ್ಲಿಷಾದ್ರೆ ಹೇಗಿದ್ರೂ ಬರಲ್ಲ, ಸಂಕಟ ಇಲ್ಲ” ಎಂದರು. ಹಾಕಿಕೊಟ್ಟೆ. ಅವರು ಈಗ ಬಟನ್ನುಗಳನ್ನು ಓದುವುದಿಲ್ಲ. ಬಲಗಡೆಯ ನೀಲಿಯದನ್ನು ಒತ್ತಿದರೆ ದುಡ್ಡು ಹೋಗುತ್ತದೆ, ಎಡಗಡೆಯ ಬಿಳಿಯದನ್ನು ಒತ್ತಿದರೆ ಹೋಗುವುದಿಲ್ಲ ಎಂದು ಜಾಗ ನೋಡಿ ಬಾಯಿಪಾಠ ಮಾಡಿಕೊಂಡಿದ್ದಾರೆ. ಹೋದ ತಿಂಗಳು ಆ ಆ್ಯಪ್ ಹೊಸದಾಗಿದೆಯಂತೆ. ನನ್ನ ಫೋನಿನಲ್ಲಿ ತೆರೆದು ನೋಡಿದೆ. ಬಿಳಿಯದು ಈಗ ಬಲಕ್ಕೆ ಬಂದಿದೆ.